ರನ್-ಫ್ಲಾಟ್ ಟೈರೋ, ಸಾಮಾನ್ಯ ಟೈರೋ? ಕೊಡಗಿನ ರಸ್ತೆಗಳಿಗೆ ತಕ್ಕ ಆಯ್ಕೆ

ಕೊಡಗು ಜಿಲ್ಲೆಗೆ ರೈಲು ಮಾರ್ಗವಿಲ್ಲ. ಪ್ರಯಾಣಿಕ ವಿಮಾನ ನಿಲ್ದಾಣವೂ ಇಲ್ಲ. ಕಾಫಿ, ಕರಿಮೆಣಸು, ಮರಮುಟ್ಟು, ಅಂಗಡಿಯ ಸರಕು, ಪ್ರವಾಸಿಗರು ಎಲ್ಲವೂ ಬಂದುಹೋಗುವುದು ರಬ್ಬರ್ ಚಕ್ರಗಳ ಮೇಲೆಯೇ. ಹೀಗಿದ್ದರೂ ವಾಹನ ಕೊಳ್ಳುವಾಗ ಎಂಜಿನ್, ಇಂಧನ, ಬಣ್ಣ, ಸಾಲದ ಕಂತು ಇವುಗಳ ಬಗ್ಗೆ ನಡೆಯುವಷ್ಟು ವಿಚಾರಣೆ ಟೈರಿನ ಬಗ್ಗೆ ನಡೆಯುವುದಿಲ್ಲ. ಟೈರಿನ ನೆನಪಾಗುವುದು ಮಳೆಗಾಲದ ರಾತ್ರಿ ಸಂಪಾಜೆ ಘಟ್ಟದ ತಿರುವಿನಲ್ಲಿ ಅದು ಗಾಳಿ ಕಳೆದುಕೊಂಡಾಗ ಮಾತ್ರ.

ಬೆಲೆಬಾಳುವ ಕಾರುಗಳಲ್ಲಿ ಹಲವು ಇಂದು ಸ್ಟೆಪ್ನಿ ಇಲ್ಲದೆಯೇ ಬರುತ್ತಿವೆ. ಅವುಗಳಲ್ಲಿ ಕೆಲವಕ್ಕೆ ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ರನ್-ಫ್ಲಾಟ್ ಟೈರುಗಳನ್ನು ಅಳವಡಿಸಲಾಗಿರುತ್ತದೆ. ಇಂತಹ ಕಾರನ್ನು ಹೊಸದಾಗಿಯೋ ಬಳಸಿದ್ದನ್ನೋ ಕೊಂಡ ತೋಟದ ಮಾಲೀಕರು, ವರ್ತಕರು ಹಾಗೂ ಹೋಂಸ್ಟೇ ನಡೆಸುವವರು ಟೈರ್ ಸವೆದಾಗ ಒಂದು ಪ್ರಶ್ನೆಯನ್ನು ಎದುರಿಸುತ್ತಾರೆ: ಮತ್ತೆ ರನ್-ಫ್ಲಾಟ್ ಟೈರನ್ನೇ ಹಾಕಿಸಬೇಕೇ, ಸಾಮಾನ್ಯ ಟೈರಿಗೆ ಬದಲಾಗಬೇಕೇ? ಸಾಮಾನ್ಯ ಟೈರಿನ ಕಾರು ಇರುವವರು ಸುರಕ್ಷತೆಯ ದೃಷ್ಟಿಯಿಂದ ರನ್-ಫ್ಲಾಟ್ ಹಾಕಿಸುವ ಆಲೋಚನೆ ಮಾಡುವುದೂ ಉಂಟು. ಈ ಎರಡೂ ಪ್ರಶ್ನೆಗಳಿಗೆ ಬೆಂಗಳೂರಿನಲ್ಲಿ ಸಿಗುವ ಉತ್ತರ ಕೊಡಗಿಗೆ ಹೊಂದಬೇಕೆಂದೇನೂ ಇಲ್ಲ. ಅದಕ್ಕೆ ಕಾರಣಗಳನ್ನು ಇಲ್ಲಿ ವಿವರಿಸಲಾಗಿದೆ.

ರಚನೆಯಲ್ಲಿನ ವ್ಯತ್ಯಾಸ

ಸಾಮಾನ್ಯ ಟ್ಯೂಬ್‌ಲೆಸ್ ಟೈರಿನಲ್ಲಿ ವಾಹನದ ಭಾರವನ್ನು ಹೊರುವುದು ಬಹುಮಟ್ಟಿಗೆ ಒಳಗಿನ ಗಾಳಿ. ಗಾಳಿ ಹೋದೊಡನೆ ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್, ಮಡಿಚಿಕೊಂಡು ರಿಮ್ಮಿನ ಕೆಳಗೆ ನಜ್ಜುಗುಜ್ಜಾಗುತ್ತದೆ. ಆ ಸ್ಥಿತಿಯಲ್ಲಿ ಕೆಲವು ನೂರು ಮೀಟರ್ ಓಡಿಸಿದರೂ ಟೈರ್ ದುರಸ್ತಿಗೆ ಬಾರದಂತೆ ಹಾಳಾಗಬಹುದು.

ರನ್-ಫ್ಲಾಟ್ ಟೈರಿನ ಸೈಡ್‌ವಾಲ್ ಒಳಗೆ ಶಾಖ ತಡೆಯುವ ಗಟ್ಟಿ ರಬ್ಬರಿನ ಹೆಚ್ಚುವರಿ ಪದರವಿರುತ್ತದೆ. ಗಾಳಿ ಪೂರ್ಣವಾಗಿ ಹೋದಾಗಲೂ ಈ ಪದರವೇ ಭಾರವನ್ನು ಹೊತ್ತು ಟೈರನ್ನು ರಿಮ್ಮಿನ ಮೇಲೆ ನಿಲ್ಲಿಸುತ್ತದೆ. ಸಾಮಾನ್ಯವಾಗಿ ಒಪ್ಪಿತವಾದ ಮಿತಿಯೆಂದರೆ ಗಂಟೆಗೆ 80 ಕಿ.ಮೀ. ವೇಗ ಮೀರದಂತೆ ಸುಮಾರು 80 ಕಿ.ಮೀ. ದೂರ. ಗಾಳಿಯಿಲ್ಲದೆ ಓಡುವಾಗ ಸೈಡ್‌ವಾಲ್ ಪ್ರತಿ ಸುತ್ತಿನಲ್ಲೂ ಬಾಗಿ ನೆಟ್ಟಗಾಗುತ್ತದೆ. ಬಾಗುವಿಕೆಯಿಂದ ಶಾಖ ಹುಟ್ಟುತ್ತದೆ. ಶಾಖ ಮಿತಿಮೀರಿದಾಗ ರಬ್ಬರ್ ಒಡೆಯುತ್ತದೆ. ಆದ್ದರಿಂದ ವಾಹನದಲ್ಲಿ ಭಾರ, ವೇಗ ಮತ್ತು ತಿರುವುಗಳು ಹೆಚ್ಚಿದಂತೆ ಈ ದೂರ ಕಡಿಮೆಯಾಗುತ್ತದೆ.

ಈ ಕಲ್ಪನೆ ಹೊಸದಲ್ಲ. ಬ್ರಿಟನ್ನಿನ ಡನ್ಲಪ್ ಸಂಸ್ಥೆ 1970ರ ದಶಕದಲ್ಲಿಯೇ ಡೆನೋವೊ ಎಂಬ ಹೆಸರಿನಲ್ಲಿ ಇಂತಹ ಟೈರನ್ನು ಮಾರುಕಟ್ಟೆಗೆ ತಂದಿತ್ತು. ಮಿಷೆಲಿನ್ ಸಂಸ್ಥೆ ಚಕ್ರದ ಒಳಗೆ ಆಧಾರದ ಬಳೆಯೊಂದನ್ನು ಕೂರಿಸುವ ಪ್ಯಾಕ್ಸ್ ಎಂಬ ವ್ಯವಸ್ಥೆಯನ್ನು ರೂಪಿಸಿತು. ತಾಂತ್ರಿಕವಾಗಿ ಅದು ಚೆನ್ನಾಗಿಯೇ ಇತ್ತು. ಆದರೆ ಅದಕ್ಕೆ ವಿಶೇಷ ರಿಮ್, ವಿಶೇಷ ಯಂತ್ರ ಮತ್ತು ತರಬೇತಿ ಹೊಂದಿದ ಕೆಲಸಗಾರ ಬೇಕಾಗಿತ್ತು. ಅಮೆರಿಕದಂತಹ ದೇಶದಲ್ಲೂ ಅದನ್ನು ಬದಲಿಸಿಕೊಡುವ ಅಂಗಡಿ ಹುಡುಕಲು ಗ್ರಾಹಕರು ಪರದಾಡಿದರು. 2000ರ ದಶಕ ಮುಗಿಯುವ ಹೊತ್ತಿಗೆ ಆ ವ್ಯವಸ್ಥೆ ಹಿಂದೆ ಸರಿಯಿತು. ಟೈರ್ ಎಷ್ಟೇ ಉತ್ತಮವಾಗಿದ್ದರೂ ಅದನ್ನು ಬದಲಿಸಿಕೊಡುವ ಅಂಗಡಿ ದಾರಿಯಲ್ಲಿ ಇಲ್ಲದಿದ್ದರೆ ಅದರ ಪ್ರಯೋಜನ ಅರ್ಧಕ್ಕೇ ನಿಲ್ಲುತ್ತದೆ ಎಂಬ ಈ ಪಾಠ ಕೊಡಗಿಗೆ ನೇರವಾಗಿ ಅನ್ವಯಿಸುತ್ತದೆ.

80 ಕಿಲೋಮೀಟರಿನ ಲೆಕ್ಕ

ರನ್-ಫ್ಲಾಟ್ ಟೈರಿನ ಭರವಸೆಯನ್ನು ಜಿಲ್ಲೆಯ ನಕ್ಷೆಯ ಮೇಲೆ ಇಟ್ಟು ನೋಡುವುದು ಉಚಿತ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ.; ಮಂಗಳೂರಿಗೆ 135ಕ್ಕೂ ಹೆಚ್ಚು. ಜಿಲ್ಲೆಯ ಪೂರ್ವದ ಅಂಚಿನ ಕುಶಾಲನಗರದಿಂದಲೂ ಮೈಸೂರು 85 ಕಿ.ಮೀ. ಆಸುಪಾಸಿನಲ್ಲಿದೆ. ಗೋಣಿಕೊಪ್ಪಲಿನಿಂದ ಸುಮಾರು 90 ಕಿ.ಮೀ. ಅಂದರೆ ಜಿಲ್ಲೆಯ ಪ್ರಮುಖ ಪೇಟೆಗಳ ಬಳಿ ಎಲ್ಲಿ ಗಾಳಿ ಹೋದರೂ 80 ಕಿ.ಮೀ. ಪರಿಧಿಯೊಳಗೆ ಮೈಸೂರೂ ಬರುವುದಿಲ್ಲ, ಮಂಗಳೂರೂ ಬರುವುದಿಲ್ಲ. ವಿರಾಜಪೇಟೆಯಿಂದ ಮಾಕುಟ್ಟದ ಮೂಲಕ ಕೇರಳಕ್ಕೆ ಇಳಿಯುವವರಿಗೆ ಮಾತ್ರ ಗಡಿಯ ಆಚೆ ಇರಿಟ್ಟಿ, ಕಣ್ಣೂರು ಹತ್ತಿರವಾಗುತ್ತವೆ.

ಹಾಗೆಂದು ರನ್-ಫ್ಲಾಟ್ ಟೈರ್ ನಿಷ್ಪ್ರಯೋಜಕವೆಂದು ತಿಳಿಯಬಾರದು. ಸಂಪಾಜೆ ಘಟ್ಟದ ನಡುವೆ ಗಾಳಿ ಹೋದ ಕಾರು ಮಡಿಕೇರಿಗೋ ಸುಳ್ಯಕ್ಕೋ ನಿಲ್ಲದೆ ತಲುಪಬಲ್ಲದು. ತಲಕಾವೇರಿಯಿಂದ ಇಳಿಯುವವರು ಭಾಗಮಂಡಲ ದಾಟಿ ಮಡಿಕೇರಿ ಸೇರಬಲ್ಲರು. ಕುಟ್ಟದ ಕಡೆಯ ಕಾಡಿನ ಹಾದಿಯಲ್ಲಾಗಲಿ, ಸಿದ್ದಾಪುರದ ಸುತ್ತಲಿನ ಆನೆ ಓಡಾಡುವ ತೋಟದ ರಸ್ತೆಯಲ್ಲಾಗಲಿ, ಸಂಜೆಯ ಮಬ್ಬಿನಲ್ಲಿ ಕೆಳಗಿಳಿದು ಜ್ಯಾಕ್ ಹಾಕುವ ಅಪಾಯ ತಪ್ಪುತ್ತದೆ. ಕೊಡಗಿನಲ್ಲಿ ಈ ಟೈರಿನ ನಿಜವಾದ ಮೌಲ್ಯ ಇದೇ: ಅಪಾಯದ ಜಾಗದಿಂದ ಸುರಕ್ಷಿತ ಪೇಟೆಯವರೆಗೆ ಅದು ಮನುಷ್ಯರನ್ನು ತಲುಪಿಸುತ್ತದೆ.

ಆದರೆ ಪೇಟೆ ತಲುಪಿದ ಮೇಲೆ ಏನು? ಅಲ್ಲಿ ಅದೇ ಅಳತೆಯ ರನ್-ಫ್ಲಾಟ್ ಟೈರ್ ದಾಸ್ತಾನಿನಲ್ಲಿ ಇಲ್ಲದಿದ್ದರೆ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ತರಿಸಬೇಕು. ಸ್ಟೆಪ್ನಿ ಇಲ್ಲದ ಕಾರು ಅಲ್ಲಿಯವರೆಗೆ ನಿಂತಿರಬೇಕು. ಸಾಮಾನ್ಯ ಟೈರಿನ ಕಾರಿನವನು ಅರ್ಧ ಗಂಟೆ ಮಳೆಯಲ್ಲಿ ನೆನೆದು ಸ್ಟೆಪ್ನಿ ಹಾಕಿ ತನ್ನ ದಾರಿ ಹಿಡಿದಿರುತ್ತಾನೆ. ಒಂದು ಟೈರ್ ಕಷ್ಟದ ಅರ್ಧ ಗಂಟೆಯನ್ನು ಉಳಿಸುತ್ತದೆ. ಇನ್ನೊಂದು ಮುಂದಿನ ಎರಡು ದಿನಗಳನ್ನು ಉಳಿಸುತ್ತದೆ. ಆಯ್ಕೆಯ ತಿರುಳು ಇಷ್ಟೇ.

ಮಳೆಗಾಲದಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. 2018ರ ಆಗಸ್ಟ್ ತಿಂಗಳ ಭೂಕುಸಿತದಲ್ಲಿ ಮದೆನಾಡು, ಜೋಡುಪಾಲ ಭಾಗದಲ್ಲಿ ಮಡಿಕೇರಿ–ಸಂಪಾಜೆ ಹೆದ್ದಾರಿ ಹಾನಿಗೊಂಡು ಸಂಚಾರ ನಿಂತದ್ದನ್ನು ಜಿಲ್ಲೆಯ ವರ್ತಕರು ಮರೆತಿಲ್ಲ. ಕರಾವಳಿಯ ದಾರಿ ಮುಚ್ಚಿದಾಗ ಸರಕಿಗೆ ಮೈಸೂರಿನ ದಾರಿಯೇ ಗತಿ. ಅಪರೂಪದ ಅಳತೆಯ ಟೈರನ್ನು ನೆಚ್ಚಿಕೊಂಡ ವಾಹನಕ್ಕೆ ಇಂತಹ ದಿನಗಳಲ್ಲಿ ಕಾಯುವುದು ಅನಿವಾರ್ಯ.

ರಸ್ತೆಯ ಸ್ವಭಾವ

ಕೊಡಗಿನ ವ್ಯವಹಾರಸ್ಥರ ಕಾರು ಮೂರು ಬಗೆಯ ರಸ್ತೆಗಳಲ್ಲಿ ಓಡುತ್ತದೆ. ಮೂರರಲ್ಲೂ ಟೈರಿನಿಂದ ಬಯಸುವುದು ಬೇರೆ ಬೇರೆ.

ಮೊದಲನೆಯದು ತೋಟದ ರಸ್ತೆ. ಇಲ್ಲಿ ಟೈರಿಗೆ ಶತ್ರು ಮೊಳೆಗಿಂತ ಹೆಚ್ಚಾಗಿ ಚೂಪುಗಲ್ಲು, ಕಡಿದ ಮರದ ಬುಡ, ಮಳೆನೀರು ಕೊರೆದ ಅಂಚು. ಇವು ಸೈಡ್‌ವಾಲನ್ನು ಸೀಳುತ್ತವೆ. ರನ್-ಫ್ಲಾಟ್ ಟೈರಿನ ಗಟ್ಟಿ ಗೋಡೆ ಭಾರ ಹೊರುವುದಕ್ಕಾಗಿ ಇದೆಯೇ ಹೊರತು ಸೀಳನ್ನು ತಡೆಯುವುದಕ್ಕಾಗಿ ಅಲ್ಲ. ಗೋಡೆಯೇ ಹರಿದರೆ ಅದೂ ಓಡಲಾರದು. ಇದಲ್ಲದೆ ಈ ಟೈರುಗಳು ಹೆಚ್ಚಾಗಿ ಗಿಡ್ಡ ಗೋಡೆಯ ಅಳತೆಗಳಲ್ಲಿ ಬರುತ್ತವೆ. ಗುಂಡಿಗೆ ಬಿದ್ದಾಗ ಹೊಡೆತವನ್ನು ನುಂಗುವ ಶಕ್ತಿ ಕಡಿಮೆಯಾಗಿ ರಿಮ್ ಬಾಗುವ ಸಂಭವ ಹೆಚ್ಚು. ತೋಟದ ರಸ್ತೆಗೆ ಎತ್ತರದ ಗೋಡೆಯ ಸಾಮಾನ್ಯ ಟೈರೇ ಮೇಲು.

ಎರಡನೆಯದು ಘಟ್ಟದ ರಸ್ತೆ. ಇಲ್ಲಿ ವೇಗ ಕಡಿಮೆ, ಆದರೆ ನಿಲ್ಲಲು ಜಾಗವಿಲ್ಲ. ಒಂದು ಪಕ್ಕ ಧರೆ, ಮತ್ತೊಂದು ಪಕ್ಕ ಕಂದಕ, ಹಿಂದೆ ಭಾರದ ಲಾರಿಗಳು. ಇಲ್ಲಿ ರನ್-ಫ್ಲಾಟ್ ಟೈರಿನ ಅನುಕೂಲ ಸ್ಪಷ್ಟ.

ಮೂರನೆಯದು ವೇಗದ ಹೆದ್ದಾರಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಟೈರ್ ಒಮ್ಮೆಲೇ ಒಡೆಯುವುದೇ ದೊಡ್ಡ ಭಯ. ಗಾಳಿ ಹಠಾತ್ತನೆ ಹೋದಾಗ ರನ್-ಫ್ಲಾಟ್ ಟೈರ್ ರಿಮ್ಮಿನ ಮೇಲೆ ನಿಂತು ಸ್ಟಿಯರಿಂಗ್ ಹಿಡಿತವನ್ನು ಉಳಿಸುತ್ತದೆ. ಆದರೆ ಟೈರ್ ಒಡೆಯಲು ಮುಖ್ಯ ಕಾರಣಗಳಾದ ಕಡಿಮೆ ಗಾಳಿ, ಅತಿಭಾರ ಮತ್ತು ಹಳೆಯ ರಬ್ಬರ್ ಇವುಗಳನ್ನು ಬೆಳಗಿನ ಐದು ನಿಮಿಷದ ತಪಾಸಣೆ ಬಹುಮಟ್ಟಿಗೆ ತಡೆಯಬಲ್ಲದೆಂಬುದನ್ನೂ ನೆನಪಿಡಬೇಕು.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಡಿಕೇರಿಯಂತಹ ಊರಿನಲ್ಲಿ ಒದ್ದೆ ರಸ್ತೆಯ ಹಿಡಿತ ಎಲ್ಲಕ್ಕಿಂತ ಮುಖ್ಯ. ಈ ಹಿಡಿತವನ್ನು ಕೊಡುವುದು ನೆಲ ತಾಗುವ ಭಾಗದ, ಅಂದರೆ ಟ್ರೆಡ್‌ನ, ರಬ್ಬರಿನ ಗುಣ ಮತ್ತು ಗೆರೆಗಳ ಆಳ. ರನ್-ಫ್ಲಾಟ್ ಎಂಬ ಕಾರಣಕ್ಕೆ ಇದು ಹೆಚ್ಚುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರಿನ ಗೆರೆಗಳ ಆಳ ಕನಿಷ್ಠ 1.6 ಮಿ.ಮೀ. ಇರಬೇಕು. ಕೊಡಗಿನ ಮಳೆಗೆ ಈ ಕನಿಷ್ಠವನ್ನು ಮುಟ್ಟುವವರೆಗೆ ಕಾಯುವುದು ಜಾಣತನವಲ್ಲ, 3 ಮಿ.ಮೀ.ಗೆ ಇಳಿದಾಗಲೇ, ಜೂನ್ ತಿಂಗಳಿಗೆ ಮುನ್ನ, ಬದಲಿಸುವುದು ಲೇಸು.

ದುರಸ್ತಿಯ ಪ್ರಶ್ನೆ

ಸಾಮಾನ್ಯ ಟ್ಯೂಬ್‌ಲೆಸ್ ಟೈರಿನ ಟ್ರೆಡ್ ಭಾಗದಲ್ಲಿ ಮೊಳೆ ಚುಚ್ಚಿ ಆದ ಸುಮಾರು 6 ಮಿ.ಮೀ.ವರೆಗಿನ ರಂಧ್ರವನ್ನು ದುರಸ್ತಿ ಮಾಡಬಹುದು. ಹೊರಗಿನಿಂದ ಅಂಟುದಾರ ತುರುಕುವುದು ತಾತ್ಕಾಲಿಕ ಉಪಾಯ. ಟೈರನ್ನು ಕಳಚಿ ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕುವುದು ಸರಿಯಾದ ಕ್ರಮ. ಸೈಡ್‌ವಾಲಿಗೆ ಆದ ಗಾಯವನ್ನು ಯಾವ ಟೈರಿನಲ್ಲೂ ದುರಸ್ತಿ ಮಾಡಬಾರದು.

ರನ್-ಫ್ಲಾಟ್ ಟೈರಿನಲ್ಲಿ ತೊಡಕು ಬೇರೆ. ಗಾಳಿಯಿಲ್ಲದೆ ಎಷ್ಟು ದೂರ, ಎಷ್ಟು ಭಾರದೊಡನೆ ಓಡಿತೆಂಬುದು ದುರಸ್ತಿ ಮಾಡುವವನಿಗೆ ತಿಳಿಯುವುದಿಲ್ಲ. ಒಳಪದರಕ್ಕೆ ಆದ ಹಾನಿ ಹೊರಗಿನಿಂದ ಕಾಣಿಸುವುದೂ ಇಲ್ಲ. ಆದ್ದರಿಂದ ಗಾಳಿಯಿಲ್ಲದೆ ಓಡಿದ ಟೈರನ್ನು ಬದಲಿಸಬೇಕೆಂದೇ ಹಲವು ತಯಾರಕರು ಹೇಳುತ್ತಾರೆ. ಕೆಲವರು ಷರತ್ತುಗಳೊಡನೆ ಒಮ್ಮೆ ದುರಸ್ತಿಗೆ ಒಪ್ಪುತ್ತಾರೆ. ಕೊಳ್ಳುವ ಮೊದಲೇ ಆಯಾ ತಯಾರಕರ ನಿಯಮವನ್ನು ಲಿಖಿತವಾಗಿ ಪಡೆಯುವುದು ಕ್ಷೇಮ.

ಖರ್ಚಿನ ತುಲನೆ

ಬೆಲೆ ಅಳತೆಯಿಂದ ಅಳತೆಗೆ, ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಆದುದರಿಂದ ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ ಕೆಳಗಿನ ಕಾಲ್ಪನಿಕ ಅಂಕಿಗಳನ್ನು ಬಳಸಲಾಗಿದೆ. ಪ್ರತಿಯೊಬ್ಬರೂ ತಮ್ಮ ಬಿಲ್ಲಿನ ಅಂಕಿಗಳನ್ನು ಇದೇ ಜಾಗದಲ್ಲಿ ಇಟ್ಟು ನೋಡಬಹುದು.

ಸಾಮಾನ್ಯ ಟೈರ್ ಒಂದಕ್ಕೆ 8,000 ರೂ., ಬಾಳಿಕೆ 40,000 ಕಿ.ಮೀ. ಎಂದಿಟ್ಟುಕೊಂಡರೆ ಕಿಲೋಮೀಟರಿಗೆ 20 ಪೈಸೆ. ನಾಲ್ಕು ಚಕ್ರಗಳಿಗೆ 80 ಪೈಸೆ. ರನ್-ಫ್ಲಾಟ್ ಟೈರ್ ಒಂದಕ್ಕೆ 14,000 ರೂ., ಬಾಳಿಕೆ 35,000 ಕಿ.ಮೀ. ಎಂದಿಟ್ಟುಕೊಂಡರೆ ಕಿಲೋಮೀಟರಿಗೆ 40 ಪೈಸೆ. ನಾಲ್ಕಕ್ಕೆ 1 ರೂ. 60 ಪೈಸೆ. ವ್ಯತ್ಯಾಸ ಕಿಲೋಮೀಟರಿಗೆ 80 ಪೈಸೆ. ವರ್ಷಕ್ಕೆ 15,000 ಕಿ.ಮೀ. ಓಡುವ ಕಾರಿಗೆ 12,000 ರೂ. ಹೆಚ್ಚು ಬೀಳುತ್ತದೆ. ಅರ್ಧ ಆಯುಷ್ಯದಲ್ಲಿ ಒಂದು ಟೈರ್ ಮೊಳೆ ಚುಚ್ಚಿ ಬದಲಿಸಬೇಕಾದರೆ ಇನ್ನೂ 7,000 ರೂ. ನಷ್ಟ.

ಈ ಮೊತ್ತವನ್ನು ವಿಮೆಯ ಕಂತಿನಂತೆ ಪರಿಗಣಿಸಬೇಕು. ರಾತ್ರಿ ವೇಳೆ ಒಂಟಿಯಾಗಿ ಘಟ್ಟ ಇಳಿಯುವವರು, ವಯಸ್ಸಾದವರು, ಜ್ಯಾಕ್ ತಿರುಗಿಸಲಾರದವರು, ತುರ್ತು ಕರೆಗೆ ಹೊರಡಬೇಕಾದ ವೈದ್ಯರು ಇಂತಹವರಿಗೆ ಈ ಕಂತು ದುಬಾರಿಯೆನಿಸದು. ದಿನವಿಡೀ ಸುಂಟಿಕೊಪ್ಪ, ಕುಶಾಲನಗರ, ಸೋಮವಾರಪೇಟೆಯ ನಡುವೆ ಹಗಲು ಹೊತ್ತಿನಲ್ಲಿ ಓಡಾಡುವ ವರ್ತಕನಿಗೆ, ಐದು ಕಿಲೋಮೀಟರಿಗೊಂದು ಪರಿಚಯದ ಅಂಗಡಿ ಇರುವಾಗ, ಅದೇ ಕಂತು ಅನವಶ್ಯಕವೆನಿಸಬಹುದು.

ತೆರಿಗೆಯ ವಿಷಯದಲ್ಲಿ ಗಮನಿಸಬೇಕಾದ ಬದಲಾವಣೆಯೊಂದಿದೆ. ಕಾರಿನ ಹೊಸ ಟೈರುಗಳ ಮೇಲೆ ಶೇಕಡಾ 28ರಷ್ಟಿದ್ದ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ಕ್ಕೆ ಇಳಿಸಲಾಯಿತು. ಹಳೆಯ ದರಪಟ್ಟಿಯನ್ನು ಮುಂದಿಟ್ಟುಕೊಂಡು ತುಲನೆ ಮಾಡಬಾರದು.

ಸ್ಟೆಪ್ನಿ ಮತ್ತು ನಿಯಮ

ಸ್ಟೆಪ್ನಿ ಎಂಬ ಪದ ಕನ್ನಡಕ್ಕೆ ಬಂದದ್ದು ಒಂದು ವ್ಯಾಪಾರದ ಹೆಸರಿನಿಂದ. 1904ರಲ್ಲಿ ವೇಲ್ಸ್ ದೇಶದ ಲನೆತ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಮೋಟಾರು ಕಾರುಗಳಿಗೆ ಹೆಚ್ಚುವರಿ ಚಕ್ರ ತಯಾರಿಸುವ ಉದ್ಯಮ ಆರಂಭವಾಯಿತು. ಅದರ ಹೆಸರೇ ನಮ್ಮ ದೇಶದಲ್ಲಿ ಹೆಚ್ಚುವರಿ ಚಕ್ರಕ್ಕೆ ಅಂಟಿಕೊಂಡಿತು.

2020ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ನಿಯಮಗಳಿಗೆ ತಿದ್ದುಪಡಿ ತಂದಿತು. ಅದರಂತೆ 3.5 ಟನ್‌ವರೆಗಿನ ಪ್ರಯಾಣಿಕ ಕಾರುಗಳು ಟ್ಯೂಬ್‌ಲೆಸ್ ಟೈರ್, ದುರಸ್ತಿ ಕಿಟ್ ಮತ್ತು ಟೈರಿನ ಒತ್ತಡ ಎಚ್ಚರಿಕೆ ವ್ಯವಸ್ಥೆ ಹೊಂದಿದ್ದರೆ ಸ್ಟೆಪ್ನಿ ಕಡ್ಡಾಯವಲ್ಲ. ಇದರಿಂದ ಡಿಕ್ಕಿಯಲ್ಲಿ ಜಾಗ ಉಳಿಯುತ್ತದೆ. ವಿದ್ಯುತ್ ಕಾರುಗಳಲ್ಲಿ ಬ್ಯಾಟರಿಗೆ ಅನುಕೂಲವಾಗುತ್ತದೆ. ನಗರಕ್ಕೆ ಇದು ಸರಿ. ಕೊಡಗಿನಲ್ಲಿ ಸ್ಟೆಪ್ನಿ ಇಲ್ಲದ ಕಾರು ಕೊಳ್ಳುವವರು ಹೆಚ್ಚುವರಿ ಚಕ್ರವನ್ನು ಬೇರೆಯಾಗಿ ಕೊಳ್ಳಲು ಅವಕಾಶವಿದೆಯೇ, ಅದನ್ನಿಡಲು ಡಿಕ್ಕಿಯಲ್ಲಿ ಜಾಗವಿದೆಯೇ ಎಂದು ವಿಚಾರಿಸಲೇಬೇಕು. ಕೆಲವು ಕಾರುಗಳೊಡನೆ ಬರುವ ಕಿರಿದಾದ ಸ್ಟೆಪ್ನಿಯನ್ನು ಗಂಟೆಗೆ 80 ಕಿ.ಮೀ. ಮೀರದಂತೆ, ಹತ್ತಿರದ ಅಂಗಡಿಯವರೆಗೆ ಮಾತ್ರ ಬಳಸಬೇಕು.

ಕಿಟ್‌ನಲ್ಲಿ ಬರುವ ರಬ್ಬರ್ ದ್ರಾವಣ ಟ್ರೆಡ್‌ನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಸೀಳಿದ ಗೋಡೆಗೆ ಅದರಿಂದ ಪ್ರಯೋಜನವಿಲ್ಲ. ಆ ಬಾಟಲಿಗೂ ಅವಧಿ ಮುಗಿಯುವ ದಿನಾಂಕವಿರುತ್ತದೆ. ಡಿಕ್ಕಿಯ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದ ಬಾಟಲಿಯನ್ನು ನಂಬಿ ಘಟ್ಟ ಇಳಿಯಬಾರದು.

ನಡುವಿನ ದಾರಿಗಳು

ರನ್-ಫ್ಲಾಟ್ ಮತ್ತು ಸಾಮಾನ್ಯ ಟೈರುಗಳ ನಡುವೆ ಮತ್ತೊಂದು ಬಗೆಯಿದೆ. ಟ್ರೆಡ್‌ನ ಒಳಮೈಗೆ ಅಂಟು ಪದರ ಲೇಪಿಸಿದ, ರಂಧ್ರವನ್ನು ತಾನೇ ಮುಚ್ಚಿಕೊಳ್ಳುವ ಟೈರುಗಳು ಇವು. ಮೊಳೆಯಿಂದಾದ ಸುಮಾರು 5 ಮಿ.ಮೀ.ವರೆಗಿನ ರಂಧ್ರವನ್ನು ಇವು ಮುಚ್ಚಬಲ್ಲವು. ಹಿಂದೆ ಮೈಸೂರಿನ ವಿಕ್ರಾಂತ್ ಟೈರ್ಸ್ ಸಂಸ್ಥೆಯನ್ನು ವಹಿಸಿಕೊಂಡ ಜೆ.ಕೆ. ಟೈರ್ ಸಂಸ್ಥೆ 2022ರಲ್ಲಿ ಪಂಕ್ಚರ್ ಗಾರ್ಡ್ ಎಂಬ ಹೆಸರಿನಲ್ಲಿ ಇಂತಹ ಕಾರು ಟೈರನ್ನು ಪರಿಚಯಿಸಿತು. ಸೈಡ್‌ವಾಲ್ ಗಟ್ಟಿಯಾಗದ ಕಾರಣ ಪ್ರಯಾಣದ ಮೃದುತ್ವ ಉಳಿಯುತ್ತದೆ. ಗೋಡೆಗೆ ಆದ ಗಾಯ ಮಾತ್ರ ಇಲ್ಲಿಯೂ ವಾಸಿಯಾಗದು.

ಎರಡನೆಯ ಉಪಾಯ ಒತ್ತಡ ಎಚ್ಚರಿಕೆ ವ್ಯವಸ್ಥೆ. ಗಾಳಿ ಹೋದರೂ ರನ್-ಫ್ಲಾಟ್ ಟೈರ್ ನೋಡಲು ತುಂಬಿದಂತೆಯೇ ಇರುವುದರಿಂದ ಅದಕ್ಕೆ ಇದು ಅನಿವಾರ್ಯ. ಈ ವ್ಯವಸ್ಥೆಯಿಲ್ಲದ ಕಾರಿಗೆ ರನ್-ಫ್ಲಾಟ್ ಹಾಕಿಸಲೇಬಾರದು: ಚಾಲಕನಿಗೆ ಅರಿವಿಲ್ಲದೆ 80 ಕಿ.ಮೀ. ಮುಗಿದಿರುತ್ತದೆ. ಸಾಮಾನ್ಯ ಟೈರಿಗೂ ಇದು ಬಹಳ ಉಪಯುಕ್ತ. ಹೆಚ್ಚಿನ ಪಂಕ್ಚರುಗಳಲ್ಲಿ ಗಾಳಿ ನಿಧಾನವಾಗಿ ಹೋಗುತ್ತದೆ. ಘಟ್ಟ ಹತ್ತುವ ಮೊದಲೇ ಎಚ್ಚರಿಕೆ ಸಿಕ್ಕರೆ ಪೇಟೆಯಲ್ಲೇ ನಿಂತು ಸರಿಪಡಿಸಬಹುದು. ಇದನ್ನೂ ಕಾರಿನ ಸಾಕೆಟ್ಟಿನಿಂದ ನಡೆಯುವ ಪುಟ್ಟ ಗಾಳಿ ಪಂಪನ್ನೂ ಹಳೆಯ ಕಾರಿಗೂ ಅಳವಡಿಸಬಹುದು.

ಗಾಳಿ ನೋಡುವಾಗ ಎತ್ತರದ ಪರಿಣಾಮವನ್ನು ತಿಳಿದಿರಬೇಕು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಮಂಗಳೂರಿನಲ್ಲಿ 32 ಪಿಎಸ್‌ಐ ತುಂಬಿಸಿದ ಟೈರ್, ಉಷ್ಣಾಂಶ ಬದಲಾಗದಿದ್ದರೆ, ಮಡಿಕೇರಿಯಲ್ಲಿ ಎರಡು ಪಿಎಸ್‌ಐ ಹತ್ತಿರ ಹೆಚ್ಚು ತೋರಿಸುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಚಳಿ ಅದರಲ್ಲಿ ಸುಮಾರು ಒಂದೂವರೆಯನ್ನು ಕಳೆಯುತ್ತದೆ. ಆದುದರಿಂದ ಘಟ್ಟ ಹತ್ತಿ ಬಂದ ಬಿಸಿ ಟೈರಿನಿಂದ ಗಾಳಿ ಬಿಡುವುದು ತಪ್ಪು. ರಾತ್ರಿ ನಿಂತ ಕಾರಿನಲ್ಲಿ ಬೆಳಿಗ್ಗೆ ಹೊರಡುವ ಮೊದಲು ನೋಡಿದ ಅಂಕಿಯೇ ನಿಜವಾದ ಅಂಕಿ.

ರನ್-ಫ್ಲಾಟ್‌ನಿಂದ ಸಾಮಾನ್ಯಕ್ಕೆ ಬದಲಾಗುವವರಿಗೆ

1. ನಾಲ್ಕೂ ಟೈರುಗಳನ್ನು ಒಟ್ಟಿಗೆ ಬದಲಿಸಬೇಕು. ಎರಡು ಬಗೆಯ ಟೈರುಗಳನ್ನು ಬೆರೆಸಿದರೆ ತಿರುವಿನಲ್ಲಿ ಮತ್ತು ಬ್ರೇಕ್ ಹಾಕುವಾಗ ಕಾರಿನ ನಡತೆ ಕೆಡುತ್ತದೆ.

2. ಭಾರ ಮತ್ತು ವೇಗದ ಸೂಚ್ಯಂಕಗಳು ಮೂಲ ಟೈರಿಗಿಂತ ಕಡಿಮೆಯಿರಬಾರದು.

3. ಸ್ಟೆಪ್ನಿ ಅಥವಾ ಕಿಟ್, ಜ್ಯಾಕ್, ಚಕ್ರದ ನಟ್ಟು ಬಿಚ್ಚುವ ಪಾನಾ ಇವನ್ನು ಅದೇ ದಿನ ಕೊಳ್ಳಬೇಕು. ರನ್-ಫ್ಲಾಟ್ ಕಾರುಗಳಲ್ಲಿ ಜ್ಯಾಕ್ ಕೂಡ ಇಲ್ಲದಿರಬಹುದು.

4. ಕಾರು ತಯಾರಕರ ವಾರಂಟಿ ಮತ್ತು ವಿಮಾ ಸಂಸ್ಥೆಯ ನಿಲುವನ್ನು ಮೊದಲೇ ಲಿಖಿತವಾಗಿ ತಿಳಿಯಬೇಕು.

5. ಟೈರಿನ ಮೇಲೆ ಐಎಸ್‌ಐ ಗುರುತು ಇರಬೇಕು. 2009ರ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ ಇದು ಆಮದಾದ ಟೈರಿಗೂ ಅನ್ವಯಿಸುತ್ತದೆ. ಗೋಡೆಯ ಮೇಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ: 3524 ಎಂದಿದ್ದರೆ 2024ನೆಯ ಇಸವಿಯ 35ನೆಯ ವಾರ.

ಬಳಸಿದ ಕಾರು ಕೊಳ್ಳುವವರು ಗೋಡೆಯ ಮೇಲಿನ ಗುರುತನ್ನು ಓದಿ ಟೈರಿನ ಬಗೆಯನ್ನು ತಿಳಿಯಬಹುದು. ಬ್ರಿಜ್‌ಸ್ಟೋನ್ ಆರ್‌ಎಫ್‌ಟಿ ಎಂದೂ, ಮಿಷೆಲಿನ್ ಝಡ್‌ಪಿ ಎಂದೂ, ಕಾಂಟಿನೆಂಟಲ್ ಎಸ್‌ಎಸ್‌ಆರ್ ಎಂದೂ ಬರೆಯುತ್ತವೆ.

ಟೈರ್ ವ್ಯಾಪಾರಿಗಳ ಗಮನಕ್ಕೆ

ಈ ವಿಷಯ ಕಾರಿನ ಮಾಲೀಕರಿಗೆ ಮಾತ್ರ ಸೀಮಿತವಲ್ಲ. ವಾರಾಂತ್ಯದಲ್ಲಿ ಬೆಂಗಳೂರಿನಿಂದ ಬರುವ ದುಬಾರಿ ಕಾರುಗಳಲ್ಲಿ ಹಲವು ಸ್ಟೆಪ್ನಿ ಇಲ್ಲದವು. ಅವುಗಳಿಗೆ ನೆರವಾಗಬಲ್ಲ ಅಂಗಡಿಗೆ ಅದು ವ್ಯಾಪಾರ. ಜಿಲ್ಲೆಗೆ ಒಳ್ಳೆಯ ಹೆಸರು. ಆದರೆ ರನ್-ಫ್ಲಾಟ್ ಟೈರಿನ ಗೋಡೆ ಗಟ್ಟಿಯಾದುದರಿಂದ ಅದನ್ನು ಕಳಚಿ ಕೂರಿಸಲು ಸಹಾಯಕ ತೋಳು ಇರುವ ಯಂತ್ರ ಬೇಕು. ಹಳೆಯ ಯಂತ್ರದಲ್ಲಿ ಬಲವಂತ ಮಾಡಿದರೆ ಟೈರಿನ ಅಂಚು ಹರಿಯಬಹುದು, ವಾಲ್ವಿನ ಬಳಿ ಇರುವ ಒತ್ತಡದ ಸೆನ್ಸರ್ ಮುರಿಯಬಹುದು.

ದಾಸ್ತಾನು ಇಡುವುದೂ ಸುಲಭವಲ್ಲ. ಅಳತೆಗಳು ಅನೇಕ, ಒಂದೊಂದರ ಬೆಲೆಯೂ ಹೆಚ್ಚು. ಮಾರಾಟವಾಗದೆ ಉಳಿದರೆ ರಬ್ಬರಿಗೆ ವಯಸ್ಸಾಗುತ್ತದೆ. ಹಲವು ಅಳತೆಗಳು ಆಮದನ್ನೇ ಅವಲಂಬಿಸಿವೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ಮುಕ್ತ ಪಟ್ಟಿಯಿಂದ ನಿರ್ಬಂಧಿತ ಪಟ್ಟಿಗೆ ಸೇರಿಸಿ ಪರವಾನಗಿ ಕಡ್ಡಾಯಗೊಳಿಸಿದಾಗ ಇಂತಹ ಪೂರೈಕೆ ಎಷ್ಟು ನಾಜೂಕೆಂಬುದು ಸ್ಪಷ್ಟವಾಯಿತು. ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪಲಿನ ವ್ಯಾಪಾರಿಗಳು ತಮ್ಮತಮ್ಮಲ್ಲಿ ಹೊಂದಾಣಿಕೆ ಮಾಡಿಕೊಂಡು, ಜಿಲ್ಲೆಯಲ್ಲಿ ಹೆಚ್ಚು ಕಾಣುವ ಎರಡು ಮೂರು ಅಳತೆಗಳನ್ನು ಮಾತ್ರ ಹಂಚಿ ಇಟ್ಟುಕೊಳ್ಳುವುದು ಕಾರ್ಯಸಾಧ್ಯ. ಒಂದೇ ಮಾದರಿಯ ಕಾರು ಹೊಂದಿರುವ ನಾಲ್ಕಾರು ಮಾಲೀಕರು ಸೇರಿ, ರಿಮ್ ಸಹಿತ ಒಂದು ಚಕ್ರವನ್ನು ಪರಿಚಿತ ಅಂಗಡಿಯಲ್ಲಿ ಇಡಿಸುವುದೂ ಒಳ್ಳೆಯ ಉಪಾಯ.

ಒಟ್ಟಿನಲ್ಲಿ

ಕಾರು ಸಾಮಾನ್ಯ ಟೈರು ಮತ್ತು ಪೂರ್ಣ ಅಳತೆಯ ಸ್ಟೆಪ್ನಿಯೊಡನೆ ಬಂದಿದ್ದರೆ ಕೊಡಗಿನಲ್ಲಿ ಅದನ್ನು ಬಿಡಲು ಕಾರಣವಿಲ್ಲ. ಒತ್ತಡ ಎಚ್ಚರಿಕೆ ವ್ಯವಸ್ಥೆ ಮತ್ತು ಗಾಳಿ ಪಂಪನ್ನು ಸೇರಿಸಿದರೆ ಸಾಕು. ರನ್-ಫ್ಲಾಟ್‌ನೊಡನೆ ಬಂದ ಕಾರು ಹೆಚ್ಚಾಗಿ ಹೆದ್ದಾರಿಯಲ್ಲೋ ರಾತ್ರಿಯ ಘಟ್ಟದಲ್ಲೋ ಓಡುವುದಾದರೆ ಅದನ್ನೇ ಮುಂದುವರಿಸಿ, ಬದಲಿ ಚಕ್ರವೊಂದನ್ನು ಜಿಲ್ಲೆಯೊಳಗೆ ಇಟ್ಟುಕೊಳ್ಳಬೇಕು. ಅದೇ ಕಾರು ತೋಟದ ರಸ್ತೆಯಲ್ಲಿ ಹೆಚ್ಚು ಓಡುವುದಾದರೆ, ಮೇಲಿನ ಐದು ಅಂಶಗಳನ್ನು ಪಾಲಿಸಿ, ಕಾರು ತಯಾರಕರು ಒಪ್ಪುವ ಅಳತೆಯ ಸಾಮಾನ್ಯ ಟೈರಿಗೆ ಬದಲಾಗುವುದು ಲೇಸು.

ಯಾವ ಟೈರ್ ಇದ್ದರೂ ಘಟ್ಟದಲ್ಲಿ ಗಾಳಿ ಹೋದಾಗ ಬ್ರೇಕನ್ನು ಒಮ್ಮೆಲೇ ತುಳಿಯಬಾರದು. ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು, ವೇಗ ತಗ್ಗಿಸಿ, ತಿರುವು ಕಳೆದ ಅಗಲದ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಸೂಚನಾ ದೀಪಗಳನ್ನು ಹಾಕಬೇಕು. ಚಕ್ರಕ್ಕೆ ಒತ್ತಿಟ್ಟ ಕಲ್ಲನ್ನು ಹೊರಡುವಾಗ ರಸ್ತೆಯಿಂದ ತೆಗೆಯಬೇಕು. ಬಿಟ್ಟುಹೋದ ಆ ಕಲ್ಲೇ ಹಿಂದೆ ಬರುವ ಮತ್ತೊಬ್ಬರ ಟೈರಿಗೆ ಕಂಟಕ. ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮುನ್ನ, ನಾಲ್ಕು ಟೈರುಗಳ ಜೊತೆಗೆ ಡಿಕ್ಕಿಯೊಳಗಿನ ಐದನೆಯದರ ಗಾಳಿಯನ್ನೂ ಒಮ್ಮೆ ನೋಡಿಸಬೇಕು. ಸ್ಟೆಪ್ನಿಯಲ್ಲಿ ಗಾಳಿ ಇಲ್ಲವೆಂಬುದು ಬೇಕಾದ ಹೊತ್ತಿನಲ್ಲಿ ತಿಳಿದರೆ, ಅದು ಇದ್ದೂ ಇಲ್ಲದಂತೆಯೇ.